ಮೋಡ ಓಡಿಸುವ ಧೂಳು ಯಾವುದು?



ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನೋತ್ಸವ. ಕರಾವಳಿಯ ದೇವಾಲಯಗಳಲ್ಲಿ ಆ ದಿನ ಭತ್ತದ ಹೊಸ ತೆನೆಯನ್ನು ಆಶೀರ್ವದಿಸುತ್ತಾರೆ. ಸೇಡಂ, ಚಿತ್ತಾಪುರ, ಚಿಂಚೋಳಿಯ ನಮ್ಮ ಸೀಮೆಯಲ್ಲಿ ಭತ್ತಕ್ಕಿಂತ ಮೊದಲು ಮನೆಗೆ ಬರುವುದು ಹೆಸರು, ಉದ್ದು, ಸಜ್ಜೆ. ತೊಗರಿ ಆಗಿನ್ನೂ ಹಸಿರಾಗಿ ಹೊಲದಲ್ಲೇ ನಿಂತಿರುತ್ತದೆ. ಅದರ ರಾಶಿಗೆ ಕ್ರಿಸ್ಮಸ್ ಬರಬೇಕು. ಹೀಗಾಗಿ ಹಬ್ಬದ ದಿನ ಪೀಠದ ಮುಂದೆ ಇಡುವ ಬುಟ್ಟಿಯಲ್ಲಿ ಕೈಗೆ ಬಂದ ಬೆಳೆಗೆ ಕೃತಜ್ಞತೆಯೂ ಇರುತ್ತದೆ, ಇನ್ನೂ ಬಾರದ ಬೆಳೆಗಾಗಿ ಬೇಡಿಕೆಯೂ ಇರುತ್ತದೆ. ಹುಬ್ಬಿ, ಉತ್ತರಿ ಮಳೆಗಳು ಕೈಕೊಡದಿರಲಿ ಎಂಬುದೇ ಆ ಬೇಡಿಕೆ.

ಆ ಬೇಡಿಕೆಯ ಬೆನ್ನಿಗೇ ಒಂದು ಪ್ರಶ್ನೆ ಬರುತ್ತದೆ. “ಫಾದರ್, ಈ ಸಿಮೆಂಟ್ ಧೂಳಿಗೇ ಮ್ವಾಡ ಓಡಿ ಹೋಗ್ತಾವಂತ, ಖರೇ ಏನ್ರಿ?” ಕೇಳುವವರು ಹೆಚ್ಚಾಗಿ ಹೊಲ ಇರುವವರು. ಪಕ್ಕದಲ್ಲಿ ಕಾರ್ಖಾನೆಗೆ ಹೋಗುವವರು ನಿಂತಿದ್ದರೆ ಅವರ ಮುಖ ಸಪ್ಪಗಾಗುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಣ್ಣ ಹೊಲ ನೋಡಿಕೊಂಡರೆ ತಮ್ಮ ಗುತ್ತಿಗೆಯ ಮೇಲೆ ಪ್ಲಾಂಟಿಗೆ ಹೋಗುತ್ತಾನೆ. ತೊಗರಿ ಬಾಡಿದ ವರ್ಷ ಮನೆ ನಡೆಸುವುದು ತಮ್ಮನ ಪಗಾರ. ಆದ್ದರಿಂದ ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಮಳೆ ಹೋದದ್ದಕ್ಕೆ ಯಾರ ಮೇಲೆ ಸಿಟ್ಟಾಗಬೇಕು ಎಂಬುದೇ ಇಲ್ಲಿನ ಪ್ರಶ್ನೆ. ತಪ್ಪು ಕಡೆ ಸಿಟ್ಟಾದರೆ ಮನೆ ಒಡೆಯುತ್ತದೆ, ಮಳೆಯಂತೂ ಬರುವುದಿಲ್ಲ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎಲೆಯ ಮೇಲೆ, ಮಾಡಿನ ಮೇಲೆ ಕಣ್ಣಿಗೆ ಕಾಣುವಂತೆ ಕೂರುವ ಧೂಳು ಮೋಡ ಓಡಿಸುವುದಿಲ್ಲ. ಕಣ್ಣಿಗೆ ಕಾಣದ, ಗಾಳಿಯಲ್ಲಿ ದಿನಗಟ್ಟಲೆ ತೇಲುವ ಸಣ್ಣ ಹೊಗೆಕಣ ಮಳೆಯ ನಡಿಗೆಯನ್ನು ಬದಲಿಸುತ್ತದೆ. ಆದರೆ ಅದು ಒಂದು ಚಿಮಣಿಯದಲ್ಲ, ಇಡೀ ದೇಶದ್ದು. ಇದರ ಜೊತೆಗೆ ಮೂರನೆಯದೊಂದಿದೆ, ನಾವು ನೆಲವನ್ನು ಹೇಗೆ ಇಟ್ಟುಕೊಂಡಿದ್ದೇವೆ ಎಂಬುದು. ಇವನ್ನು ಬೇರೆ ಬೇರೆಯಾಗಿ ಬಿಡಿಸಿ ನೋಡೋಣ.

ಮೊದಲು ನಮ್ಮ ನೆಲ. ಭೀಮಾ ಮತ್ತು ಕಾಗಿಣಾ ನದಿಗಳ ಈ ಬಯಲಿನ ಕೆಳಗೆ ಬಹು ಪುರಾತನವಾದ ಸುಣ್ಣಕಲ್ಲಿನ ಹಾಸು ಇದೆ. ಪದರ ಪದರವಾಗಿ ಎದ್ದು ಬರುವ ಕಲ್ಲು ಶಹಾಬಾದ್ ಕಲ್ಲು ಎಂದು ಹೆಸರಾಗಿ ದಕ್ಷಿಣದ ಎಷ್ಟೋ ಊರುಗಳ ಮನೆ, ಶಾಲೆ, ರೈಲು ನಿಲ್ದಾಣಗಳಿಗೆ ನೆಲಹಾಸಾಯಿತು. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ವಾಡಿಗೆ ಬಂದು ಮುಂಬಯಿ ದಾರಿಗೆ ಕೂಡಿಕೊಂಡ ಮೇಲೆ ಕಲ್ಲಿಗೂ ಕಾರ್ಖಾನೆಗೂ ದಾರಿ ತೆರೆಯಿತು. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆ, 1968ರಲ್ಲಿ ಆರಂಭವಾದ ವಾಡಿಯ ಎಸಿಸಿ, ಆಮೇಲೆ ಸೇಡಂ ಮತ್ತು ಮಳಖೇಡದ ಕಾರ್ಖಾನೆಗಳು, ಈಚೆಗೆ ಚಿತ್ತಾಪುರ ಮತ್ತು ಚಿಂಚೋಳಿ ಕಡೆಯವು, ಎಲ್ಲವೂ ಬಂದದ್ದು ಈ ಕಲ್ಲನ್ನು ನಂಬಿ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಇಂದಿನ ಮಳಖೇಡ ಎಂದು ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಇಂದು ಆ ಹೆಸರಿನ ಜೊತೆ ಸಿಮೆಂಟ್ ಚೀಲವೇ ಮೊದಲು ನೆನಪಾಗುತ್ತದೆ.

ಈ ಕಲ್ಲಿನ ಮೇಲೆ ಕಪ್ಪು ಎರೆಮಣ್ಣು, ಮಣ್ಣಿನ ಮೇಲೆ ತೊಗರಿ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ತನ್ನ ಹೊರೆಯನ್ನೆಲ್ಲ ಪಶ್ಚಿಮ ಘಟ್ಟದ ಮೇಲೆ ಇಳಿಸಿ, ಹಗುರಾಗಿ ನಮ್ಮ ಕಡೆ ಬರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಮೀಟರಿಗೂ ಹೆಚ್ಚು ಮಳೆ ಬಿದ್ದರೆ ನಮ್ಮ ಪಾಲಿಗೆ ಸಿಗುವುದು ಮುಕ್ಕಾಲು ಮೀಟರಿನ ಆಸುಪಾಸು. ಅದರಲ್ಲೂ ಒಂದು ಭಾಗ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳ ಕೃಪೆ. ಇಷ್ಟು ತೆಳುವಾದ ಮಳೆಯಲ್ಲಿ ಮೂರು ವಾರ ಬಿಡುವು ಬಿದ್ದರೆ ಸಾಕು, ರೈತನ ಲೆಕ್ಕ ತಪ್ಪುತ್ತದೆ.

ಇನ್ನು ಮೋಡದ ವಿಷಯ. ಗಾಳಿಯಲ್ಲಿರುವ ಹಬೆ ತಾನಾಗಿ ಹನಿಯಾಗುವುದಿಲ್ಲ. ಅದಕ್ಕೆ ಕೂರಲು ಒಂದು ಪೀಠ ಬೇಕು. ಸಮುದ್ರದ ಉಪ್ಪಿನ ಕಣವೋ, ಮಣ್ಣಿನ ಧೂಳೋ, ಹೊಗೆಯ ಕಣವೋ ಆ ಪೀಠವಾಗುತ್ತದೆ. ಅಂದರೆ ಧೂಳೇ ಇಲ್ಲದ ಆಕಾಶದಲ್ಲಿ ನಮಗೆ ಗೊತ್ತಿರುವಂಥ ಮಳೆಯೂ ಇಲ್ಲ. ಧೂಳು ಮಳೆಯ ಶತ್ರು ಎಂದು ಒಂದೇ ಮಾತಿನಲ್ಲಿ ಹೇಳುವವರು ಇಲ್ಲೇ ಎಡವುತ್ತಾರೆ.

ಆದರೆ ಪೀಠಗಳು ಮಿತಿಮೀರಿದರೆ? ಹತ್ತು ಜನರಿಗೆ ಮಾಡಿದ ಸಾರನ್ನು ನೂರು ಜನರಿಗೆ ಬಡಿಸಿದ ಹಾಗೆ. ಎಲ್ಲರ ತಟ್ಟೆಗೂ ಬೀಳುತ್ತದೆ, ಯಾರ ಹೊಟ್ಟೆಯೂ ತುಂಬುವುದಿಲ್ಲ. ಮೋಡದಲ್ಲಿ ಹಬೆ ಇರುವುದು ಇಷ್ಟೇ. ಹೊಗೆಕಣಗಳು ಹೆಚ್ಚಾದಷ್ಟೂ ಹನಿಗಳ ಸಂಖ್ಯೆ ಹೆಚ್ಚುತ್ತದೆ, ಒಂದೊಂದು ಹನಿಯ ಗಾತ್ರ ಕುಗ್ಗುತ್ತದೆ. ಒಂದು ಮಳೆಹನಿ ಆಗಬೇಕಾದರೆ ಸುಮಾರು ಹತ್ತು ಲಕ್ಷ ಮೋಡದ ಹನಿಗಳು ಒಂದಕ್ಕೊಂದು ಬಡಿದು ಕೂಡಿಕೊಳ್ಳಬೇಕು. ಮೋಡದ ಹನಿಗಳ ತ್ರಿಜ್ಯ ಸುಮಾರು 14 ಮೈಕ್ರಾನ್ ಮುಟ್ಟಿದ ಮೇಲೆ ಈ ಕೂಡಿಕೆ ಬಿರುಸಾಗುತ್ತದೆ. ನಮ್ಮ ತಲೆಗೂದಲಿನ ದಪ್ಪವೇ 50ರಿಂದ 100 ಮೈಕ್ರಾನ್ ಎಂದರೆ ಈ ಅಳತೆ ಎಷ್ಟು ಸಣ್ಣದೆಂದು ಊಹಿಸಿಕೊಳ್ಳಿ. ಹನಿಗಳು ಅದಕ್ಕೂ ಸಣ್ಣದಾಗಿ ಉಳಿದರೆ ಮೋಡ ತಲೆಯ ಮೇಲೆ ಕಟ್ಟಿ ನಿಂತರೂ ಸುರಿಯದೆ ಮುಂದೆ ಹೋಗಬಹುದು. “ಮ್ವಾಡ ಕಟ್ಟಿತ್ತು, ಸುರೀಲೇ ಇಲ್ಲ” ಎಂದು ನಮ್ಮ ಅಜ್ಜಂದಿರು ಹೇಳುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು. ಅಂಥ ಮೋಡ ಇನ್ನೂ ಮೇಲೇರುವ ಬಲವಿದ್ದರೆ, ಹಿಮಗಟ್ಟುವ ಎತ್ತರಕ್ಕೆ ಹೋಗಿ ಒಮ್ಮೆಲೇ ಗುಡುಗು, ಆಲಿಕಲ್ಲು ಸಮೇತ ಸುರಿಯಬಹುದು ಎಂದು ಕೆಲವು ವಿಜ್ಞಾನಿಗಳು ಹೇಳುತ್ತಾರೆ. ಈ ಎರಡನೆಯ ಮಾತಿನಲ್ಲಿ ಅವರಲ್ಲೇ ಒಮ್ಮತವಿಲ್ಲ.

ಈಗ ನಮ್ಮ ಸಿಮೆಂಟ್ ಧೂಳನ್ನು ಈ ತಕ್ಕಡಿಯಲ್ಲಿ ಇಟ್ಟು ನೋಡಿ. ಗಣಿಯ ರಸ್ತೆಯಲ್ಲಿ ಲಾರಿ ಎಬ್ಬಿಸುವ ಧೂಳು, ಕಲ್ಲು ಪುಡಿಮಾಡುವ ಕ್ರಷರಿನ ಧೂಳು, ಚೀಲ ತುಂಬುವಾಗ ಏಳುವ ಪುಡಿ, ಇವುಗಳ ಕಣ ದಪ್ಪ, ತೂಕ ಹೆಚ್ಚು. ಹೆಚ್ಚಿನ ಪಾಲು ಕೆಲವೇ ಗಂಟೆಗಳಲ್ಲಿ, ಎದ್ದ ಊರಿನ ಸುತ್ತಮುತ್ತಲೇ ನೆಲಕ್ಕೆ ಇಳಿಯುತ್ತದೆ. ಮೋಡದ ಎತ್ತರಕ್ಕೆ ಹೋಗಿ ದೇಶ ಸುತ್ತುವ ಯೋಗ್ಯತೆ ಅದಕ್ಕಿಲ್ಲ. ಹಾಗೆಂದ ಮಾತ್ರಕ್ಕೆ ಅದು ನಿರಪರಾಧಿಯೆಂದು ಹೇಳುತ್ತಿಲ್ಲ. ಇಬ್ಬನಿ ಬಿದ್ದ ಎಲೆಯ ಮೇಲೆ ಈ ಪುಡಿ ಕೂತರೆ ಗಟ್ಟಿ ಹೆಪ್ಪಾಗುತ್ತದೆ. ಎಲೆ ಉಸಿರಾಡುವ ರಂಧ್ರ ಮುಚ್ಚುತ್ತದೆ, ಬಿಸಿಲು ಎಲೆಗೆ ಮುಟ್ಟುವುದಿಲ್ಲ, ಹೂ ಕಟ್ಟುವುದು ಕಡಿಮೆಯಾಗುತ್ತದೆ. ಮಕ್ಕಳ ಕೆಮ್ಮು, ಕಾರ್ಮಿಕರ ಎದೆನೋವು ಬೇರೆ. ಇಷ್ಟು ದೂರು ಸಾಲದೆ? ಮಳೆಯ ದೂರನ್ನೂ ಅದರ ಮೇಲೆ ಹೊರಿಸಿದರೆ, ಆ ಒಂದು ಸುಳ್ಳನ್ನು ತೋರಿಸಿ ಉಳಿದ ನಿಜವನ್ನೂ ತಳ್ಳಿಹಾಕುವವರಿಗೆ ಅನುಕೂಲವಾಗುತ್ತದೆ.

ಮಳೆಯನ್ನು ಮುಟ್ಟುವುದು ಅದಕ್ಕಿಂತ ನೂರು ಪಾಲು ಸಣ್ಣ ಕಣ. ಕಲ್ಲಿದ್ದಲು, ಡೀಸೆಲ್, ಕಟ್ಟಿಗೆ, ಬೆರಣಿ, ಕಸ ಉರಿದಾಗ ಮಸಿ ಹುಟ್ಟುತ್ತದೆ. ಗಂಧಕ ಮತ್ತು ಸಾರಜನಕದ ಅನಿಲಗಳು ಹೊರಬಂದು ಗಾಳಿಯಲ್ಲೇ ಸೂಕ್ಷ್ಮ ಕಣಗಳಾಗಿ ಮಾರ್ಪಡುತ್ತವೆ. ಒಂದು ಚಿಮಣಿಯ ಬಾಯಲ್ಲಿ ಏನೂ ಕಾಣದಿದ್ದರೂ ಈ ಅನಿಲ ಹೊರಡುತ್ತಿರಬಹುದು. ಸಿಮೆಂಟ್ ಗೂಡಿನೊಳಗೆ ಸುಣ್ಣವೇ ತುಂಬಿರುವುದರಿಂದ ಗಂಧಕದ ಹೆಚ್ಚಿನ ಪಾಲನ್ನು ಅದೇ ಹೀರಿಕೊಳ್ಳುತ್ತದೆ. ಆದರೆ ಅಲ್ಲಿ ಉರಿ 1,450 ಡಿಗ್ರಿ ಮುಟ್ಟುವುದರಿಂದ ಸಾರಜನಕದ ಅನಿಲ ಹೆಚ್ಚು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳ ಒಲೆಯಲ್ಲಿ ಗಂಧಕ ಹೀರಲು ಆ ಸುಣ್ಣವಿಲ್ಲ. ಸಿಮೆಂಟ್ ಕಾರ್ಖಾನೆಗಳ ಈ ಅನಿಲಗಳಿಗೆ ಕೇಂದ್ರ ಸರ್ಕಾರ ಮಿತಿ ಗೊತ್ತುಮಾಡಿದ್ದು 2014ರಲ್ಲಿ. ಅದಕ್ಕೂ ಮೊದಲು ನಿಯಮದ ಕಣ್ಣು ಹೆಚ್ಚಾಗಿ ಧೂಳಿನ ಮೇಲೆಯೇ ಇತ್ತು.

ಈ ಸೂಕ್ಷ್ಮ ಕಣ ಸುಮಾರು ಒಂದು ವಾರ ಗಾಳಿಯಲ್ಲಿರುತ್ತದೆ. ಒಂದು ವಾರದಲ್ಲಿ ಗಾಳಿ ಎಷ್ಟು ದೂರ ಹೋಗುತ್ತದೆ! ಮುಂಗಾರಿನಲ್ಲಿ ನಮ್ಮ ಕಡೆ ಗಾಳಿ ಬೀಸುವುದು ಪಶ್ಚಿಮದಿಂದ, ನೈಋತ್ಯದಿಂದ. ಅಂದರೆ ಸೇಡಂನ ಹೊಗೆ ತಾಂಡೂರು, ವಿಕಾರಾಬಾದ್ ಕಡೆ ಹೋಗುತ್ತದೆ. ಸೇಡಂಗೆ ಬರುವುದು ವಿಜಯಪುರ, ಸೊಲ್ಲಾಪುರ, ಅದಕ್ಕೂ ಆಚೆಯ ಊರುಗಳದ್ದು. ನಮ್ಮ ತಲೆಯ ಮೇಲಿನ ಮೋಡವನ್ನು ಕೆಡಿಸುವ ಹೊಗೆ ಬಹುಪಾಲು ಬೇರೆಯವರದು, ಬೇರೆಯವರ ಮೋಡವನ್ನು ಕೆಡಿಸುವ ಹೊಗೆಯಲ್ಲಿ ನಮ್ಮ ಪಾಲೂ ಇದೆ.

ಇದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಒಬ್ಬರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವೀರಭದ್ರನ್ ರಾಮನಾಥನ್. 1999ರಲ್ಲಿ ಅವರು ಮತ್ತು ನೊಬೆಲ್ ಪುರಸ್ಕೃತ ಪಾಲ್ ಕ್ರುಟ್ಜೆನ್ ಮುಂದಾಳುತನದಲ್ಲಿ ‘ಇಂಡೋಎಕ್ಸ್’ ಎಂಬ ದೊಡ್ಡ ಅಧ್ಯಯನ ನಡೆಯಿತು. ಹಡಗು, ವಿಮಾನ, ಉಪಗ್ರಹಗಳಿಂದ ಅಳೆದಾಗ ಹಿಂದೂ ಮಹಾಸಾಗರದ ಉತ್ತರ ಭಾಗದ ಮೇಲೆ ಸುಮಾರು 3 ಕಿಲೋಮೀಟರ್ ದಪ್ಪದ ಕಂದು ಬಣ್ಣದ ಹೊಗೆಯ ಚಾದರವೇ ಹಾಸಿರುವುದು ಕಂಡಿತು. ಇಬ್ಬರೂ ವ್ಯಾಟಿಕನ್ನಿನ ಪೊಂಟಿಫಿಕಲ್ ವಿಜ್ಞಾನ ಅಕಾಡೆಮಿಯ ಸದಸ್ಯರಾದವರು ಎಂಬುದನ್ನು ನಮ್ಮ ಓದುಗರಿಗೆ ಸಂತೋಷದಿಂದ ತಿಳಿಸುತ್ತೇನೆ. 2015ರಲ್ಲಿ ಪೋಪ್ ಫ್ರಾನ್ಸಿಸರ ‘ಲೌದಾತೊ ಸಿ’ ಹೊರಬರುವ ಮೊದಲು ಆ ಅಕಾಡೆಮಿಯಲ್ಲಿ ನಡೆದ ಚರ್ಚೆಗಳಲ್ಲಿ ರಾಮನಾಥನ್ ಪಾಲ್ಗೊಂಡಿದ್ದರು.

ಆ ಚಾದರ ಮಾಡುವ ಕೆಲಸ ಮೋಡದ ಹನಿ ಕುಗ್ಗಿಸುವುದಕ್ಕಿಂತ ದೊಡ್ಡದು. ಅದು ಬಿಸಿಲನ್ನೇ ತಡೆಯುತ್ತದೆ. ನೆಲವೂ ಸಮುದ್ರವೂ ಕಾಯುವುದು ಕಡಿಮೆಯಾಗುತ್ತದೆ, ಸಮುದ್ರದಿಂದ ಹಬೆ ಏಳುವುದೂ ಕಡಿಮೆಯಾಗುತ್ತದೆ. ಮುಂಗಾರು ಎಂಬುದು ನೆಲ ಕಾದು ಸಮುದ್ರದ ಗಾಳಿಯನ್ನು ಎಳೆದುಕೊಳ್ಳುವ ವ್ಯಾಪಾರ ಎಂದು 1686ರಲ್ಲಿ ಇಂಗ್ಲೆಂಡಿನ ಹ್ಯಾಲಿ ಬರೆದ. ಶಾಲೆಯಲ್ಲಿ ನಾವೆಲ್ಲ ಕಲಿತದ್ದು ಅದನ್ನೇ. ಬರೀ ಕಾವೇ ಸಾಕಿದ್ದರೆ ಮೇ ತಿಂಗಳಲ್ಲಿ ಕಲಬುರಗಿ ಕಾಯುವಷ್ಟು ಕಾವಿಗೆ ಆಗಲೇ ಮಳೆ ಸುರಿಯಬೇಕಿತ್ತಲ್ಲ? ಬೆಂಗಳೂರಿನ ಅದೇ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು. ಸಮಭಾಜಕದ ಬಳಿ ಭೂಮಿಯನ್ನು ಸುತ್ತುವರಿದ ಮಳೆಮೋಡದ ಪಟ್ಟಿಯೊಂದಿದೆ. ಅದು ಬೇಸಿಗೆಯ ನಂತರ ಉತ್ತರಕ್ಕೆ ಸರಿದು ನಮ್ಮ ಮೇಲೆ ಬರುವುದೇ ಮುಂಗಾರು ಎಂಬುದು ಅವರು ಪ್ರತಿಪಾದಿಸಿದ ವಿವರಣೆ. ಯಾವ ವಿವರಣೆ ಹಿಡಿದರೂ ಆ ಪಟ್ಟಿ ಬಲವಾಗಲು ಹಬೆ ಬೇಕು, ಉತ್ತರ ದಕ್ಷಿಣದ ಕಾವಿನ ಅಂತರ ಬೇಕು. ಹೊಗೆಯ ಚಾದರ ಉತ್ತರದಲ್ಲಿ ದಪ್ಪ, ದಕ್ಷಿಣದ ಸಮುದ್ರದ ಮೇಲೆ ತೆಳು. ಹೀಗೆ ಅಂತರ ಕುಗ್ಗುತ್ತದೆ. 20ನೇ ಶತಮಾನದ ಉತ್ತರಾರ್ಧದಲ್ಲಿ ಉತ್ತರ ಮತ್ತು ಮಧ್ಯ ಭಾರತದ ಮಳೆ ಇಳಿದದ್ದಕ್ಕೆ ಮನುಷ್ಯನ ಹೊಗೆಯೇ ಮುಖ್ಯ ಕಾರಣ ಎಂದು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬೊಲ್ಲಾಸಿನಾ, ಮಿಂಗ್ ಮತ್ತು ರಾಮಸ್ವಾಮಿ ಎಂಬವರು ಬರೆದರು.

ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಮೂರು ಅಂಕಿಗಳನ್ನು ಇಲ್ಲಿ ಕೊಡುತ್ತೇನೆ. 1951ರಿಂದ 2015ರವರೆಗೆ ಭಾರತದ ಮುಂಗಾರು ಮಳೆ ಸುಮಾರು ಶೇ. 6ರಷ್ಟು ಇಳಿಯಿತು. 1951ರಿಂದ 1980ರ ಅವಧಿಗೆ ಹೋಲಿಸಿದರೆ 1981ರಿಂದ 2011ರಲ್ಲಿ ಮಳೆಗಾಲದ ನಡುವೆ ಒಣ ಬಿಡುವುಗಳು ಶೇ. 27ರಷ್ಟು ಹೆಚ್ಚಿದವು. ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿಲಿಮೀಟರ್ ಮೀರಿ ಸುರಿಯುವ ಮಳೆ 1950ರಿಂದ 2015ರೊಳಗೆ ಶೇ. 75ರಷ್ಟು ಹೆಚ್ಚಾಯಿತು. ಒಟ್ಟು ಮಳೆ ಅಷ್ಟಿಷ್ಟು ಇಳಿದದ್ದಕ್ಕಿಂತ ಉಳಿದೆರಡು ಅಂಕಿಗಳೇ ರೈತನಿಗೆ ಹೆಚ್ಚು ಕಾಡುವಂಥವು. ಬೇಕಾದಾಗ ಇಲ್ಲ, ಬಂದಾಗ ತಡೆಯಲಾಗದಷ್ಟು. ಹೊಗೆ ಬಿಸಿಲನ್ನು ತಡೆದು ಮಳೆಯನ್ನು ಹಿಂದಕ್ಕೆ ಎಳೆಯುತ್ತಿದ್ದರೆ, ಇಂಗಾಲದ ಅನಿಲ ಭೂಮಿಯನ್ನು ಕಾಯಿಸಿ ಗಾಳಿಗೆ ಹೆಚ್ಚು ಹಬೆ ತುಂಬುತ್ತಿದೆ. ಒಂದು ಡಿಗ್ರಿ ಕಾವು ಏರಿದರೆ ಗಾಳಿ ಶೇ. 7ರಷ್ಟು ಹೆಚ್ಚು ಹಬೆ ಹಿಡಿಯಬಲ್ಲದು. ಹಗ್ಗಜಗ್ಗಾಟದ ನಡುವೆ ಸಿಕ್ಕವರು ನಾವು.

ನಮ್ಮ ಕಣ್ಣೆದುರಿನ ವರ್ಷಗಳನ್ನೇ ನೋಡಿ. 2020ರ ಅಕ್ಟೋಬರ್ ಮಧ್ಯದಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ಮೇಲೆ ಬಂದಾಗ ಕಾಗಿಣಾ, ಭೀಮಾ ಉಕ್ಕಿ ಹರಿದವು. 2023ರ ಆಗಸ್ಟ್ ತಿಂಗಳು 1901ರಿಂದ ದಾಖಲೆಯಿಟ್ಟ ಆಗಸ್ಟ್‌ಗಳಲ್ಲೇ ದೇಶಕ್ಕೆ ಅತ್ಯಂತ ಒಣ ಆಗಸ್ಟ್. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವಾದವು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಭೀಮೆಯ ಪ್ರವಾಹ, ನಿಂತ ತೊಗರಿ ನೀರಿನಲ್ಲಿ. ಈ ಒಂದೊಂದು ವರ್ಷಕ್ಕೂ ಹೊಗೆಯೇ ಕಾರಣವೆಂದು ಹೇಳಿದರೆ ಅದು ಉತ್ಪ್ರೇಕ್ಷೆ. 2023ರಲ್ಲಿ ಶಾಂತಸಾಗರದ ಎಲ್ ನಿನೊ ಇತ್ತು. ಒಂದು ವರ್ಷದ ಮಳೆಯನ್ನು ಹತ್ತು ಕೈಗಳು ಹಿಡಿದು ಎಳೆಯುತ್ತವೆ, ಹೊಗೆ ಅದರಲ್ಲಿ ಒಂದು. ಹಲವು ದಶಕಗಳ ಲೆಕ್ಕದಲ್ಲಿ ಮಾತ್ರ ಅದರ ಎಳೆತ ಬೇರೆಯಾಗಿ ಕಾಣಿಸುತ್ತದೆ. 2020ರ ಲಾಕ್‌ಡೌನಿನಲ್ಲಿ ಆಕಾಶ ತಿಳಿಯಾಯಿತು, ಮುಂಗಾರೂ ವಾಡಿಕೆಯ ಶೇ. 109ರಷ್ಟು ಬಂತು. ನೋಡಿರಿ, ಹೊಗೆ ನಿಂತಿತು ಮಳೆ ಬಂತು ಎಂದವರು ಬಹಳ ಮಂದಿ. ಅವರು ಮರೆತದ್ದೇನೆಂದರೆ, ಯಾವ ಲಾಕ್‌ಡೌನೂ ಇಲ್ಲದ 2019ರಲ್ಲಿ ಶೇ. 110 ಬಂದಿತ್ತು.

ಮಳೆಗೆ ನೆರವಾಗುವ ಧೂಳೂ ಇದೆ ಎಂದೆನಲ್ಲ, ಅದನ್ನೂ ಹೇಳಬೇಕು. ಅರಬ್ಬೀ ಮರುಭೂಮಿಯಿಂದ ಬೇಸಿಗೆ ಮಳೆಗಾಲದಲ್ಲಿ ಏಳುವ ಧೂಳು ಸಮುದ್ರದ ಮೇಲಿನ ಗಾಳಿಯನ್ನು ಕಾಯಿಸಿ, ವಾರದೊಳಗೆ ಮಧ್ಯ ಭಾರತದ ಕಡೆ ಹೆಚ್ಚು ಹಬೆ ಹರಿಯುವಂತೆ ಮಾಡುತ್ತದೆ ಎಂದು 2014ರ ಒಂದು ಅಧ್ಯಯನ ತೋರಿಸಿತು. ಮನುಷ್ಯ ಬೇಕೆಂದೇ ಮೋಡಕ್ಕೆ ಧೂಳು ತೂರುವ ಪ್ರಯೋಗವೂ ನಮಗೆ ಹೊಸದಲ್ಲ. ಕರ್ನಾಟಕದಲ್ಲಿ 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರೆ’ ಎಂಬ ಹೆಸರಿನಲ್ಲಿ ಮೋಡ ಬಿತ್ತನೆ ನಡೆಯಿತು. ವಿಮಾನ ಬಂದ ಮೇಲೆ ಬಿದ್ದ ಮಳೆಯೆಲ್ಲ ವಿಮಾನದ್ದೇ ಎಂದು ಲೆಕ್ಕ ಕೊಡುವುದು ಸುಲಭ. ವಿಮಾನ ಬಾರದಿದ್ದರೂ ಬೀಳುತ್ತಿದ್ದುದು ಎಷ್ಟು ಎಂದು ಬಿಡಿಸುವುದು ಕಷ್ಟ. ಅದನ್ನು ಶ್ರದ್ಧೆಯಿಂದ ಮಾಡಿದ್ದು ನಮ್ಮ ಪಕ್ಕದ ಸೊಲ್ಲಾಪುರದಲ್ಲಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2018 ಮತ್ತು 2019ರಲ್ಲಿ 276 ಮೋಡಗಳನ್ನು ಆರಿಸಿ, ಕೆಲವಕ್ಕೆ ನೀರು ಹೀರುವ ಲವಣದ ಕಣಗಳನ್ನು ಬಿತ್ತಿ, ಕೆಲವನ್ನು ಹಾಗೆಯೇ ಬಿಟ್ಟು ಹೋಲಿಸಿದರು. ಬಿತ್ತಿದ ಜಾಗದಿಂದ ಗಾಳಿ ಹೋಗುವ ದಿಕ್ಕಿನ ಸುಮಾರು 100 ಚದರ ಕಿಲೋಮೀಟರಿನಲ್ಲಿ ಸರಾಸರಿ ಶೇ. 18ರಷ್ಟು ಹೆಚ್ಚು ಮಳೆ ಸಿಕ್ಕಿತು. ಸೊಲ್ಲಾಪುರವೂ ನಮ್ಮಂತೆಯೇ ಘಟ್ಟದ ಮಳೆನೆರಳಿನ ಊರು. ಆದರೆ ಈ ಲಾಭ ಸಿಗುವುದು ಮೋಡ ಇದ್ದಾಗ ಮಾತ್ರ. 2023ರ ಆಗಸ್ಟಿನಂಥ ಖಾಲಿ ಆಕಾಶಕ್ಕೆ ಎಷ್ಟು ಉಪ್ಪು ತೂರಿದರೂ ಅಷ್ಟೇ.

ಇಲ್ಲಿಗೆ ಗಾಳಿಯ ಮಾತು ಮುಗಿಯಿತು, ಇನ್ನು ನೆಲದ್ದು. ಪ್ರವಾದಿ ಎಲೀಯನು ಕಾರ್ಮೆಲ್ ಬೆಟ್ಟದ ಮೇಲೆ ಪ್ರಾರ್ಥಿಸುವಾಗ, ಅವನ ಸೇವಕ ಏಳನೆಯ ಬಾರಿ ಹೋಗಿ ನೋಡಿದಾಗ ಅಂಗೈಯಗಲದ ಮೋಡ ಕಂಡದ್ದು ಸಮುದ್ರದಿಂದ. ನಮ್ಮ ಮಳೆಯ ದೊಡ್ಡ ಪಾಲೂ ಸಮುದ್ರದಿಂದಲೇ. ಆದರೆ ಎಲ್ಲವೂ ಅಲ್ಲ. ಬಿದ್ದ ಮಳೆಯನ್ನು ಗಿಡಮರಗಳು ಬೇರಿನಿಂದ ಹೀರಿ ಎಲೆಯಿಂದ ಮತ್ತೆ ಗಾಳಿಗೆ ಬಿಡುತ್ತವೆ. ಆ ಹಬೆ ಮುಂದಿನ ಊರಿನ ಮೋಡವಾಗುತ್ತದೆ. ಗಂಗಾ ಬಯಲಿನಲ್ಲಿ ಮತ್ತು ಈಶಾನ್ಯ ಭಾರತದಲ್ಲಿ ಮಳೆಗಾಲದ ಕೊನೆಗೆ ಬೀಳುವ ಮಳೆಯ ಶೇ. 20ರಿಂದ 25ರಷ್ಟು ಹೀಗೆ ನೆಲದಿಂದಲೇ ಎದ್ದದ್ದು ಎಂದು ಬೊಂಬಾಯಿ ಐಐಟಿಯವರು ಲೆಕ್ಕ ಹಾಕಿದ್ದಾರೆ. ಕಾಡು ಕಡಿದು ಹೊಲ ಮಾಡಿದ್ದರಿಂದ ಈ ಹಬೆ ಕಡಿಮೆಯಾಗಿ ಮುಂಗಾರು ಕುಂದಿದೆ ಎಂದು 2016ರಲ್ಲಿ ಅವರೇ ಪ್ರಕಟಿಸಿದರು. ಕಾರಣ ಸರಳವಾಗಿದೆ: ಮರದ ಬೇರು ಆಳಕ್ಕೆ ಹೋಗುತ್ತದೆ, ಮಳೆ ನಿಂತ ಮೇಲೂ ನೀರು ಎತ್ತುತ್ತದೆ. ಹೆಸರಿನ ಗಿಡದ ಬೇರಿಗೆ ಆ ಆಳವಿಲ್ಲ. ತೊಗರಿಗೆ ಸ್ವಲ್ಪ ಇದೆ. ನಮ್ಮ ಹಿರಿಯರು ಅದನ್ನು ಬರದ ಬೆಳೆಯೆಂದು ನಂಬಿದ್ದು ಸುಮ್ಮನೆ ಅಲ್ಲ.

ನಮ್ಮ ಸೀಮೆಯಲ್ಲಿ ಇಂಥ ಮರಗಳು ಗುಂಪಾಗಿ ಉಳಿದಿರುವುದು ಚಿಂಚೋಳಿಯ ಕಡೆ. 2011ರಲ್ಲಿ ಅಲ್ಲಿನ ಸುಮಾರು 135 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿಧಾಮವೆಂದು ಘೋಷಿಸಿದರು. ಚಂದ್ರಂಪಳ್ಳಿಯ ಜಲಾಶಯ ಇರುವುದು ಆ ಕಾಡಿನ ಮಡಿಲಿನಲ್ಲಿ. ಇಷ್ಟು ಕಾಡು ಇಡೀ ಜಿಲ್ಲೆಗೆ ಮುಂಗಾರು ತಂದುಕೊಡುತ್ತದೆ ಎಂದರೆ ನಾನು ಒಪ್ಪುವುದಿಲ್ಲ. ಮುಂಗಾರಿನ ಅಳತೆಯ ಮುಂದೆ ಅದು ಒಂದು ಕರವಸ್ತ್ರ. ಆದರೆ ಸುತ್ತಲಿನ ನೆಲದ ಕಾವನ್ನು ಇಳಿಸುವುದು, ಸುರಿದ ಮಳೆಯನ್ನು ತಡೆದು ಮುಲ್ಲಾಮಾರಿಗೆ ಮೆಲ್ಲಗೆ ಬಿಡುವುದು, ಇವು ಕರವಸ್ತ್ರದಷ್ಟು ಕಾಡಿಗೂ ಸಾಧ್ಯ.

ಶಹಾಬಾದ್, ವಾಡಿ, ಚಿತ್ತಾಪುರದ ಕಲ್ಲುಗಣಿಗಳದ್ದು ಇದಕ್ಕೆ ವಿರುದ್ಧ ಕಥೆ. ಕಲ್ಲು ಎತ್ತಲು ಮೊದಲು ಮೇಲಿನ ಎರೆಮಣ್ಣನ್ನು ತೆಗೆದು ಬದಿಗೆ ಗುಡ್ಡೆ ಹಾಕುತ್ತಾರೆ. ಆಮೇಲೆ ಉಳಿಯುವುದು ಬಿಸಿಲಿಗೆ ಹೆಂಚಿನಂತೆ ಕಾಯುವ ಬಂಡೆ, ಒಡೆದ ಚೂರುಗಳ ರಾಶಿ, ನೀರು ನಿಂತ ಹೊಂಡ. ಶತಮಾನಗಳು ಹಿಡಿದು ಆದ ಮಣ್ಣು ಆ ಗುಡ್ಡೆಯಲ್ಲಿ ಮಳೆಗೆ ಕೊಚ್ಚಿ ಹೋಗುತ್ತದೆ. ಬರಿ ನೆಲಕ್ಕೂ ಹಸಿರು ನೆಲಕ್ಕೂ ಇರುವ ವ್ಯತ್ಯಾಸ ಇಷ್ಟೇ: ಹಸಿರು ನೆಲದ ಮೇಲೆ ಬಿದ್ದ ಬಿಸಿಲಿನ ಹೆಚ್ಚಿನ ಪಾಲು ನೀರನ್ನು ಹಬೆಯಾಗಿಸಲು ಖರ್ಚಾಗುತ್ತದೆ, ಬರಿ ನೆಲದ ಮೇಲೆ ಅದು ಕಾವಾಗಿ ನಮ್ಮ ಮುಖಕ್ಕೆ ಬಡಿಯುತ್ತದೆ. ಹಿಂಗಾರಿ ಜೋಳಕ್ಕೆಂದು ಮಳೆಗಾಲವೆಲ್ಲ ಬರಿದಾಗಿ ಬಿಟ್ಟ ಎರೆಹೊಲವೂ ಈ ಲೆಕ್ಕದಲ್ಲಿ ಬರಿ ನೆಲವೇ. ಆದರೆ ಅದು ಜೋಳಕ್ಕಾಗಿ ನೀರು ಕೂಡಿಡುವ ಹಳೆಯ ಜಾಣತನ. ಅದನ್ನು ಗಣಿಯ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಬಾರದು.

ಹಾಗಾದರೆ ಯಾರನ್ನು ಏನು ಕೇಳಬೇಕು? ಕಾರ್ಖಾನೆಯವರನ್ನು ಮಳೆ ಕೇಳಬೇಡಿ. ಧೂಳು ಹಿಡಿಯುವ ಯಂತ್ರ ರಾತ್ರಿಯೂ ನಡೆಯುತ್ತಿದೆಯೇ, ಲಾರಿಗೆ ತಾಡಪತ್ರಿ ಇದೆಯೇ, ಪರವಾನಗಿಯಲ್ಲಿ ಒಪ್ಪಿಕೊಂಡಷ್ಟು ಹಸಿರುಪಟ್ಟಿ ನೆಟ್ಟಿದ್ದಾರೆಯೇ, ಕಲ್ಲು ತೆಗೆದ ಗಣಿಗೆ ಆ ಎರೆಮಣ್ಣನ್ನು ವಾಪಸು ಹರಡುತ್ತಾರೆಯೇ ಎಂದು ಕೇಳಿ. ಹೊಸ ಗಣಿ, ಹೊಸ ಕಾರ್ಖಾನೆ, ವಿಸ್ತರಣೆ ಎಂದಾಗ 2006ರ ಅಧಿಸೂಚನೆಯ ಪ್ರಕಾರ ನಡೆಯುವ ಸಾರ್ವಜನಿಕ ಆಲಿಕೆಯಲ್ಲಿ ಊರಿನ ಯಾರು ಬೇಕಾದರೂ ಇದನ್ನು ಕೇಳಿ ಬರೆಸಬಹುದು. ಅಲ್ಲಿ ‘ಮೋಡ ಓಡಿಸುತ್ತೀರಿ’ ಎಂದರೆ ನಕ್ಕು ಕಳಿಸುತ್ತಾರೆ; ‘ನನ್ನ ಹೊಲದ ಎಲೆಯ ಮೇಲೆ ಹೆಪ್ಪು ಕೂತಿದೆ, ಬಂದು ನೋಡಿ’ ಎಂದರೆ ಉತ್ತರ ಕೊಡಲೇಬೇಕಾಗುತ್ತದೆ. ಕಾರ್ಖಾನೆಯಲ್ಲಿ ದುಡಿಯುವ ತಮ್ಮನೂ ಇದನ್ನು ಅಣ್ಣನ ಜೊತೆ ನಿಂತು ಕೇಳಬಹುದು, ಏಕೆಂದರೆ ಆ ಧೂಳು ಮೊದಲು ಹೋಗುವುದು ಅವನ ಎದೆಗೇ.

ಸೂಕ್ಷ್ಮ ಹೊಗೆಯಲ್ಲಿ ನಮ್ಮ ಮನೆಗಳ ಪಾಲೂ ಉಂಟು. ಹಸಿ ಕಟ್ಟಿಗೆಯ ಒಲೆ, ಬೀದಿ ಬದಿಯಲ್ಲಿ ಸುಡುವ ಪ್ಲಾಸ್ಟಿಕ್, ರಾಶಿ ಮುಗಿದ ಮೇಲೆ ಹೊಲದಲ್ಲೇ ಬೆಂಕಿ ಹಚ್ಚುವ ಕಸಕಡ್ಡಿ. ಅಡುಗೆಮನೆಯ ಹೊಗೆ ಮೊದಲು ತಾಯಂದಿರ ಕಣ್ಣಿಗೆ, ಆಮೇಲೆ ಮೋಡಕ್ಕೆ. ಈ ವಿಷಯದಲ್ಲಿ ಒಂದು ಸಮಾಧಾನವಿದೆ. ಇಂಗಾಲದ ಅನಿಲ ಶತಮಾನಗಟ್ಟಲೆ ಆಕಾಶದಲ್ಲಿ ಕೂರುತ್ತದೆ, ಹೊಗೆಕಣ ಮಾತ್ರ ವಾರದಲ್ಲಿ ತೊಳೆದು ಹೋಗುತ್ತದೆ. ನಿಲ್ಲಿಸಿದರೆ ಫಲ ಮೊಮ್ಮಕ್ಕಳ ಕಾಲಕ್ಕೆ ಕಾಯಬೇಕಿಲ್ಲ.

ಬಿದ್ದ ಮಳೆಯ ಲೆಕ್ಕವೂ ಗೊತ್ತಿರಲಿ. ಒಂದು ಎಕರೆಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್. 30 ಮಿಲಿಮೀಟರಿನ ಒಂದು ಸಂಜೆಯ ಮಳೆ ಎಂದರೆ ಎಕರೆಗೆ 1,20,000 ಲೀಟರ್. ಬದು, ಒಡ್ಡು, ಕೃಷಿಹೊಂಡ ಇದ್ದ ಹೊಲದಲ್ಲಿ ಅದರಲ್ಲಿ ಒಳ್ಳೆಯ ಪಾಲು ಉಳಿಯುತ್ತದೆ. ಇಲ್ಲದ ಹೊಲದಿಂದ ಮಣ್ಣು ಸಮೇತ ಕಾಗಿಣಾಕ್ಕೆ ಹೋಗುತ್ತದೆ. ನಮ್ಮ ಧರ್ಮಕೇಂದ್ರಗಳ ಅಂಗಳದಲ್ಲಿ ಒಂದೊಂದು ಮಳೆಮಾಪಕ ಇಡುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಮರ, ಗೋಡೆಗಳಿಂದ ದೂರ, ತೆರೆದ ಜಾಗದಲ್ಲಿ ಇರಬೇಕು. ಹವಾಮಾನ ಇಲಾಖೆಯವರು ಅಳೆಯುವುದು ಬೆಳಿಗ್ಗೆ 8.30ಕ್ಕೆ, ಅದೇ ಹೊತ್ತಿಗೆ ಅಳೆದರೆ ಗ್ರಾಮ ಪಂಚಾಯಿತಿಯಲ್ಲಿರುವ ರಾಜ್ಯ ಸರ್ಕಾರದ ಮಾಪಕದ ಅಂಕಿಯ ಜೊತೆ ಹೋಲಿಸಬಹುದು. ಧರ್ಮೋಪದೇಶದ ತರಗತಿಯ ಮಕ್ಕಳು ಸರದಿಯ ಮೇಲೆ ಅಳೆದು, ತಾರೀಖು, ಮಿಲಿಮೀಟರ್, ಗಾಳಿ ಬೀಸಿದ ದಿಕ್ಕು, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಮಿರಗ ಮಳೆಯಿಂದ ಆರಂಭಿಸಿದರೆ ಸ್ವಾತಿಯವರೆಗೆ ಒಂದು ವರ್ಷದ ಲೆಕ್ಕ ಸಿಗುತ್ತದೆ.